ಕಿರುಕುಳ

ಹಳೆಯ ಕನ್ನಡದಲ್ಲಿ ‘ಕಿರುಕುಳ’ ಎಂದರೆ ಅಲ್ಪವಾದದ್ದು, ಚಿಲ್ಲರೆ. ಕ್ಷುದ್ರ ದೈವಗಳನ್ನು ‘ಕಿರುಕುಳ ದೈವ’ ಎಂದದ್ದುಂಟು. ಇಂದು ‘ಕಿರುಕುಳ ತಾಳಲಾರದೆ’ ಎಂದು ಸುದ್ದಿ ಶುರುವಾದರೆ ಮುಂದೇನೆಂದು ಪತ್ರಿಕೆ ಓದುವವರಿಗೆಲ್ಲ ಗೊತ್ತು. ಇಷ್ಟು ಭಾರ ಹೊತ್ತರೂ ಪದದೊಳಗಿನ ‘ಕಿರು’ ಸತ್ತಿಲ್ಲ. ಕಾಟ ಕೊಡುವವರಿಗೆ ಅದೇ ಆಸರೆ.

ಕೆಲಸದ ಜಾಗದ ಕಿರುಕುಳವನ್ನೇ ನೋಡಿ. ಸಭೆಗೆ ಕರೆಯದಿರುವುದು. ಶುಕ್ರವಾರ ಸಂಜೆ ಕೆಲಸ ಹೇರಿ ಸೋಮವಾರ ಎಲ್ಲರೆದುರು ‘ಇನ್ನೂ ಆಗಿಲ್ವಾ?’ ಎನ್ನುವುದು. ಮಾಡಿದ ಕೆಲಸಕ್ಕೆ ಬೇರೆಯವರ ಹೆಸರು ಹಾಕುವುದು, ರಜೆಯ ಅರ್ಜಿಯನ್ನು ಕೊಳೆಹಾಕುವುದು. ಇವುಗಳಲ್ಲಿ ಯಾವ ಒಂದನ್ನು ಹಿಡಿದು ದೂರು ಕೊಟ್ಟರೂ ‘ಇಷ್ಟಕ್ಕೆಲ್ಲ ಯಾಕೆ, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ’ ಎಂಬ ಉತ್ತರ ಸಿದ್ಧವಿರುತ್ತದೆ. ಸ್ವೀಡನ್ನಿನಲ್ಲಿ ಇದನ್ನು ಅಧ್ಯಯನ ಮಾಡಿದ ಮನಶ್ಶಾಸ್ತ್ರಜ್ಞ ಹೈಂಜ್ ಲೇಮನ್ ಅದಕ್ಕೇ ಘಟನೆಯ ಗಾತ್ರಕ್ಕಿಂತ ಮರುಕಳಿಕೆಯನ್ನು ಲೆಕ್ಕಕ್ಕೆ ಹಿಡಿದರು: ವಾರಕ್ಕೊಮ್ಮೆಯಾದರೂ, ಕನಿಷ್ಠ 6 ತಿಂಗಳು. ಅದು ಸಂಶೋಧಕರ ಅಳತೆ. ನೊಂದವರು 6 ತಿಂಗಳು ಕಾಯಬೇಕಿಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2019ರ ಒಡಂಬಡಿಕೆ ಒಮ್ಮೆ ನಡೆದದ್ದನ್ನೂ ಕಿರುಕುಳವೆಂದೇ ಎಣಿಸುತ್ತದೆ. ಆದರೂ ಮರುಕಳಿಕೆ ಕಣ್ಣಿಗೆ ಕಾಣಬೇಕಾದರೆ ದಿನಾಂಕ, ಹೊತ್ತು, ಆಡಿದ ಮಾತು, ಅಲ್ಲಿದ್ದವರ ಹೆಸರು ಬರೆದಿಡಬೇಕು. ಬಿಡಿಬಿಡಿಯಾಗಿ ‘ನನ್ನದೇ ತಪ್ಪಿರಬಹುದು’ ಅನ್ನಿಸಿದ್ದೆಲ್ಲ ಒಂದೇ ಹಾಳೆಯಲ್ಲಿ ಸಾಲುಗಟ್ಟಿದಾಗ ಬೇರೆಯೇ ಆಗಿ ಕಾಣುತ್ತದೆ.

ಕೆಲಸದ ಜಾಗದ ಮಟ್ಟಿಗೆ ನಮ್ಮ ಕಾನೂನಿನಲ್ಲಿ ಈ ಪದಕ್ಕೆ ಬಲ ಬಂದದ್ದು ‘ಲೈಂಗಿಕ’ ಎಂಬ ವಿಶೇಷಣದಿಂದ. ರಾಜಸ್ಥಾನದಲ್ಲಿ ಬಾಲ್ಯವಿವಾಹ ತಡೆಯಲು ಹೋದ ಸರ್ಕಾರಿ ಕಾರ್ಯಕರ್ತೆ ಭಂವರಿ ದೇವಿ ಅವರ ಮೇಲೆ 1992ರಲ್ಲಿ ಸಾಮೂಹಿಕ ಅತ್ಯಾಚಾರ ನಡೆಯಿತೆಂಬ ಪ್ರಕರಣ ಸುಪ್ರೀಂ ಕೋರ್ಟಿನ 1997ರ ವಿಶಾಖಾ ತೀರ್ಪಿಗೆ ದಾರಿಯಾಯಿತು. ಅದರಿಂದ ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ. 10 ಅಥವಾ ಹೆಚ್ಚು ನೌಕರರಿರುವಲ್ಲಿ ಆಂತರಿಕ ಸಮಿತಿ ಕಡ್ಡಾಯ, ಸಾಮಾನ್ಯವಾಗಿ 3 ತಿಂಗಳೊಳಗೆ ದೂರು ಕೊಡಬೇಕು.

ವಿಶೇಷಣ ತೆಗೆದರೆ ಪದ ಬಡವಾಗುತ್ತದೆ. ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಅದನ್ನು ‘ಟಾರ್ಚರ್’ ಎನ್ನುತ್ತಾರೆ: ಪ್ರೊಡಕ್ಷನ್ ಬಂದಿಲ್ಲವೆಂದು ಸೂಪರ್‌ವೈಸರ್ ಇಡೀ ಲೈನ್ ಎದುರು ಕೂಗಾಡುವುದು, ಶೌಚಾಲಯಕ್ಕೆ ಹೋಗಿಬಂದ ನಿಮಿಷ ಎಣಿಸುವುದು. ಲೈಂಗಿಕ ಸ್ವರೂಪವಿಲ್ಲದ ಇಂಥ ದೂರು ಆ ಸಮಿತಿಯ ವ್ಯಾಪ್ತಿಗೆ ಬರುವುದಿಲ್ಲ. ಗಂಡಸರ ದೂರಂತೂ ಬರುವುದೇ ಇಲ್ಲ. ಹೊರಗಿನ ಸದಸ್ಯರೊಬ್ಬರು, ಅಧ್ಯಕ್ಷತೆಗೆ ಹಿರಿಯ ಮಹಿಳೆ, ವಿಚಾರಣೆಗೆ 90 ದಿನದ ಗಡುವು, ಎಲ್ಲ ವ್ಯವಸ್ಥೆಯೂ ಅಲ್ಲಿ ಸಿದ್ಧವಿದೆ. ವಿಶೇಷಣವಿಲ್ಲದ ಕಿರುಕುಳವನ್ನೂ ಕೇಳುವ ಅಧಿಕಾರವನ್ನು ಅದೇ ಸಮಿತಿಗೆ ಕೊಡಬೇಕು.