ಕುಲುಮೆಯೂ ಪ್ರೌಢಶಾಲೆಯೂ

ಶಿವಮೊಗ್ಗೆಯ ಪೇಟೆಯನ್ನು ಬಿಟ್ಟು, ತುಂಗೆಯ ಸೇತುವೆಯನ್ನು ದಾಟಿ, ಭದ್ರಾವತಿಯ ಮಾರ್ಗವನ್ನು ಹಿಡಿದವರಿಗೆ ವಿದ್ಯಾನಗರವು ದೊರೆಯುವುದು. ಸಹ್ಯಾದ್ರಿ ಕಾಲೇಜು ಇರುವುದು ಇಲ್ಲಿಯೇ. ಅಲ್ಲಿಂದ ಮುಂದೆ ಹತ್ತು ಹನ್ನೆರಡು ಮೈಲಿ ಸಾಗಿದರೆ ಭದ್ರೆಯ ದಡದಲ್ಲಿ ಕಬ್ಬಿಣದ ಊರು. ಅದಕ್ಕೆ ಹಿಂದೆ ಬೆಂಕಿಪುರವೆಂದು ಹೆಸರಿದ್ದಿತು. ಒಂದು ತುದಿಯಲ್ಲಿ ಪುಸ್ತಕದ ವಿದ್ಯೆ, ಇನ್ನೊಂದು ತುದಿಯಲ್ಲಿ ಬೆಂಕಿಯ ವಿದ್ಯೆ. ಇವೆರಡನ್ನೂ ಒಂದೇ ಶಾಲೆಯ ಮಾಡಿನ ಕೆಳಗೆ ಕೂಡಿಸುವ ಪ್ರಯತ್ನವು ನಮ್ಮ ನಾಡಿನಲ್ಲಿ ನೂರು ವರ್ಷಗಳಿಂದ ನಡೆದುಬಂದಿದೆ. ಪ್ರತಿಯೊಂದು ತಲೆಮಾರೂ ಅದನ್ನು ಹೊಸದಾಗಿ ಕಂಡುಹಿಡಿದಂತೆ ಆರಂಭಿಸಿತು. ಪ್ರತಿಯೊಂದು ತಲೆಮಾರೂ ನಡುದಾರಿಯಲ್ಲಿ ಬಿಟ್ಟಿತು. ಹೀಗೇಕಾಯಿತೆಂಬುದನ್ನು ವಿಚಾರಿಸುವುದು ಮಕ್ಕಳನ್ನು ಶಾಲೆಗೆ ಕಳುಹಿಸುವ ಯಾವ ಮನೆಯವರಿಗೂ ಅಪ್ರಕೃತವಲ್ಲ.

ಕೈಕೆಲಸದ ಶಿಕ್ಷಣವು ಈ ಜಿಲ್ಲೆಗೆ ಹೊಸದೆಂದು ಭಾವಿಸುವುದು ತಪ್ಪು. ಸಾಗರ ಸೊರಬಗಳ ಗುಡಿಗಾರರು ಶ್ರೀಗಂಧದಲ್ಲಿಯೂ ದಂತದಲ್ಲಿಯೂ ಮಾಡಿದ ಕೆತ್ತನೆ ದೇಶಾಂತರಗಳಲ್ಲಿ ಹೆಸರು ಪಡೆದುದು ಯಾವ ಪಠ್ಯಪುಸ್ತಕದ ಬಲದಿಂದಲೂ ಅಲ್ಲ. ಮಗನು ತಂದೆಯ ಪಕ್ಕದಲ್ಲಿ ಕುಳಿತು ಮೊದಲು ಉಳಿಯನ್ನು ಮಸೆಯುತ್ತಿದ್ದನು, ಆಮೇಲೆ ಬಳ್ಳಿಯನ್ನು ಬರೆಯುತ್ತಿದ್ದನು, ಆಮೇಲೆ ಕೆತ್ತುತ್ತಿದ್ದನು. ೧೮೦೦-೦೧ರಲ್ಲಿ ಮೈಸೂರು ಸೀಮೆಯನ್ನು ಸಂಚರಿಸಿದ ಬುಕನನ್ ಸಾಹೇಬನು ಅನೇಕ ಸ್ಥಳಗಳಲ್ಲಿ ಇದ್ದಲಿನಿಂದ ಕಬ್ಬಿಣವನ್ನು ಕರಗಿಸುವವರ ಕುಲುಮೆಗಳನ್ನು ಕಂಡು, ಅವುಗಳ ಅಳತೆ, ತಿದಿ, ಆಳುಗಳ ಕೂಲಿ ಮುಂತಾದುವನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಆ ವಿದ್ಯೆಯೂ ಮನೆತನದ ವಿದ್ಯೆಯೇ. ಅದರ ಬಲವೂ ಅದರ ದೋಷವೂ ಒಂದೇ ಬೇರಿನಿಂದ ಹುಟ್ಟಿದುವು. ಕುಲದೊಳಗಿನವನಿಗೆ ಅದು ಕೇಳದೆ ದೊರೆಯುತ್ತಿತ್ತು; ಹೊರಗಿನವನಿಗೆ ಕೇಳಿದರೂ ದೊರೆಯುತ್ತಿರಲಿಲ್ಲ; ಒಳಗಿದ್ದವನಿಗೆ ಅದನ್ನು ಬಿಟ್ಟು ಬೇರೆ ದಾರಿಯೂ ಸುಲಭವಾಗಿರಲಿಲ್ಲ. ಮುಂದೆ ಶಾಲೆಯು ಕಸುಬನ್ನು ಕಲಿಸಹೊರಟಾಗಲೆಲ್ಲ ಈ ಹಳೆಯ ನೆನಪು ಎದ್ದು ನಿಂತುದನ್ನು ಕಾಣಬಹುದು.

ಇಂಗ್ಲಿಷ್ ಹೈಸ್ಕೂಲು ಬಂದುದು ಬೇರೆ ಉದ್ದೇಶದಿಂದ. ಮೈಸೂರಿಗೆ ಸ್ವಂತ ವಿಶ್ವವಿದ್ಯಾನಿಲಯವು ೧೯೧೬ರಲ್ಲಿ ಸ್ಥಾಪನೆಯಾಗುವವರೆಗೆ ಇಲ್ಲಿನ ಉಚ್ಚ ಶಿಕ್ಷಣವೆಲ್ಲ ಮದರಾಸಿನ ಪರೀಕ್ಷೆಯ ಕಡೆಗೆ ಮುಖಮಾಡಿಕೊಂಡಿದ್ದಿತು. ಮೆಟ್ರಿಕ್ಯುಲೇಷನ್ ದಾಟಿದವನಿಗೆ ಕಚೇರಿಯ ಬಾಗಿಲು ತೆರೆಯುತ್ತಿದ್ದುದರಿಂದ, ಬಾಗಿಲಿಗೆ ಸೇರದ ವಿಷಯಗಳನ್ನು ಓದುವವರು ಯಾರು? ಈ ಏಕಮುಖತೆಯು ಸರಕಾರಕ್ಕೂ ತಿಳಿಯದೆ ಇರಲಿಲ್ಲ. ೧೮೮೨ರಲ್ಲಿ ನೇಮಕವಾದ ಹಂಟರ್ ಆಯೋಗವು ಪ್ರೌಢಶಾಲೆಯ ಮೇಲಿನ ತರಗತಿಗಳನ್ನು ಎರಡಾಗಿ ಸೀಳಿ, ಒಂದನ್ನು ವಿಶ್ವವಿದ್ಯಾನಿಲಯದ ಪ್ರವೇಶಕ್ಕೂ ಇನ್ನೊಂದನ್ನು ವ್ಯಾಪಾರಾದಿ ಲೌಕಿಕ ವೃತ್ತಿಗಳಿಗೂ ಮೀಸಲಿಡಬೇಕೆಂದು ಸಲಹೆಯಿತ್ತಿತು. ಸಲಹೆಯು ಕಾಗದದ ಮೇಲೆ ಸೊಗಸಾಗಿತ್ತು. ಎರಡನೆಯ ಕವಲಿಗೆ ಸೇರಿದವರು ಮಾತ್ರ ಬೆರಳೆಣಿಕೆಯಷ್ಟು ಜನ. ಮೊದಲನೆಯ ಕವಲು ಎಲ್ಲಿಗೆ ಹೋಗುವುದೆಂದು ತಂದೆತಾಯಿಗಳಿಗೆ ಗೊತ್ತಿತ್ತು. ಎರಡನೆಯದು ಎಲ್ಲಿಗೆ ಹೋಗುವುದೆಂದು ಆಯೋಗದವರಿಗೇ ಸ್ಪಷ್ಟವಾಗಿರಲಿಲ್ಲ.

ಮೈಸೂರು ಸಂಸ್ಥಾನವು ಈ ಗಂಟನ್ನು ಬಿಚ್ಚಲು ಇನ್ನೊಂದು ಬಗೆಯಲ್ಲಿ ಯತ್ನಿಸಿತು. ಕಸುಬಿಗೆ ಪ್ರತ್ಯೇಕ ಶಾಲೆಗಳನ್ನೇ ತೆರೆಯಿತು. ಮೈಸೂರು ನಗರದ ಔದ್ಯೋಗಿಕ ಶಾಲೆಯು ಬೆಳೆದು ಚಾಮರಾಜೇಂದ್ರ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್ ಆಯಿತು. ಬಡಗಿಯ ಕೆಲಸ, ದಂತದ ಕೆತ್ತನೆ, ಲೋಹದ ಕೆಲಸ, ಚಿತ್ರಕಲೆ ಇವೆಲ್ಲಕ್ಕೂ ಅಲ್ಲಿ ಸ್ಥಳವಿದ್ದಿತು. ಆದರೆ ಇದೂ ಪ್ರೌಢಶಾಲೆಯ ಗೋಡೆಯ ಆಚೆಗೇ ಉಳಿಯಿತು. ಓದುವ ಹುಡುಗನು ಒಂದು ಬೀದಿಯಲ್ಲಿ, ಕೆತ್ತುವ ಹುಡುಗನು ಇನ್ನೊಂದು ಬೀದಿಯಲ್ಲಿ.

ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರನ್ನು ಈ ಸಂದರ್ಭದಲ್ಲಿ ಎತ್ತದೆ ಮುಂದೆ ಹೋಗುವಂತಿಲ್ಲ. ೧೮೯೮ರಲ್ಲಿ ಜಪಾನ್ ದೇಶವನ್ನು ಕಂಡುಬಂದಂದಿನಿಂದ ಶಿಕ್ಷಣವೂ ಕೈಗಾರಿಕೆಯೂ ಒಂದೇ ಬಂಡಿಯ ಎರಡು ಗಾಲಿಗಳೆಂಬುದು ಅವರ ದೃಢವಾದ ನಂಬಿಕೆಯಾಯಿತು. ೧೯೧೧ರಲ್ಲಿ ಆರಂಭವಾದ ಮೈಸೂರು ಆರ್ಥಿಕ ಸಮ್ಮೇಳನವು ವ್ಯವಸಾಯ ಕೈಗಾರಿಕೆಗಳೊಡನೆ ಶಿಕ್ಷಣವನ್ನೂ ತನ್ನ ವಿಷಯವನ್ನಾಗಿ ಮಾಡಿಕೊಂಡುದು ಅವರ ಈ ನಂಬಿಕೆಯ ಫಲ. ೧೯೧೨ರಿಂದ ೧೯೧೮ರವರೆಗೆ ಅವರು ದಿವಾನರಾಗಿದ್ದಾಗ ಹೆಬ್ಬಾಳದಲ್ಲಿ ವ್ಯವಸಾಯ ಶಾಲೆ, ಬೆಂಗಳೂರಿನಲ್ಲಿ ಯಂತ್ರಶಿಲ್ಪದ ಶಾಲೆ, ೧೯೧೭ರಲ್ಲಿ ಎಂಜಿನಿಯರಿಂಗ್ ಕಾಲೇಜು, ಹೀಗೆ ಒಂದರ ಹಿಂದೊಂದು ಸಂಸ್ಥೆಗಳು ತಲೆಯೆತ್ತಿದುವು.

ಭದ್ರಾವತಿಯ ಕಾರ್ಖಾನೆಯ ವೃತ್ತಾಂತದಲ್ಲಿ ಈ ಶಿಕ್ಷಣದ ಪ್ರಶ್ನೆಯು ಎಷ್ಟು ಆಳವಾದುದೆಂಬುದು ತಿಳಿದುಬರುವುದು. ೧೯೧೮ರಲ್ಲಿ ಮೈಸೂರು ವುಡ್ ಡಿಸ್ಟಿಲೇಷನ್ ಅಂಡ್ ಐರನ್ ವರ್ಕ್ಸ್ ಎಂಬ ಹೆಸರಿನಿಂದ ಅದರ ಸ್ಥಾಪನೆಯಾಯಿತು. ಕೆಮ್ಮಣ್ಣುಗುಂಡಿಯ ಅದಿರು, ಭಂಡಿಗುಡ್ಡದ ಸುಣ್ಣದ ಕಲ್ಲು, ಮಲೆನಾಡಿನ ಕಾಡುಗಳ ಇದ್ದಲು, ಭದ್ರೆಯ ನೀರು: ಬೇಕಾದುದೆಲ್ಲ ಸುತ್ತಮುತ್ತಲೇ ಇದ್ದಿತು. ಇಲ್ಲದಿದ್ದುದು ಕೆಲಸ ಬಲ್ಲ ಕೈ. ಕಲ್ಲಿದ್ದಲಿಲ್ಲದ ನಾಡಿನಲ್ಲಿ ಮರದ ಇದ್ದಲಿನಿಂದ ಊದುಕುಲುಮೆಯನ್ನು ನಡೆಯಿಸುವುದು ಸುಲಭವಲ್ಲ. ಇದ್ದಲು ಬೇಗ ಪುಡಿಯಾಗುವುದು. ಹೆಚ್ಚಿನ ಭಾರವನ್ನು ಅದು ತಾಳಲಾರದು. ಗಾಳಿಯ ಒತ್ತಡ, ಅದಿರಿನ ಗಾತ್ರ, ಸುಣ್ಣದ ಪ್ರಮಾಣ ಇವುಗಳಲ್ಲಿ ಒಂದು ಹೆಚ್ಚುಕಡಿಮೆಯಾದರೂ ಒಳಗೆ ಕರಗಿದ್ದು ಗಟ್ಟಿಕಟ್ಟಿ ಕುಲುಮೆಯೇ ಉಸಿರುಗಟ್ಟಬಹುದು. ಇಂಥದನ್ನು ನೋಡಿಕೊಳ್ಳಲು ವಿದೇಶದ ತಜ್ಞರನ್ನು ಕರೆಸಬೇಕಾಯಿತು. ೧೯೨೩ರಲ್ಲಿ ಕುಲುಮೆಯು ಹೊತ್ತಿದಾಗ ಮಹಾಯುದ್ಧಾನಂತರದ ಬೆಲೆಯಿಳಿತದಿಂದ ಬೀಡುಕಬ್ಬಿಣಕ್ಕೆ ಬೆಲೆಯಿರಲಿಲ್ಲ. ನಷ್ಟದ ಕೂಗು ಎದ್ದಿತು. ಕಾರ್ಖಾನೆಯನ್ನು ಮುಚ್ಚಿಬಿಡುವುದೇ ಲೇಸೆಂಬ ಮಾತೂ ಕೇಳಿಬಂದಿತು. ಆಗ ವಿಶ್ವೇಶ್ವರಯ್ಯನವರು ಅದರ ಅಧ್ಯಕ್ಷತೆಯನ್ನು ವಹಿಸಿಕೊಂಡು ೧೯೨೯ರವರೆಗೆ ನಡೆಯಿಸಿದರು. ಖರ್ಚನ್ನು ಇಳಿಸಲು ಅವರು ಹಿಡಿದ ಮಾರ್ಗಗಳಲ್ಲಿ ಮುಖ್ಯವಾದುದು, ವಿದೇಶೀಯರ ಸ್ಥಾನದಲ್ಲಿ ದೇಶೀಯರನ್ನು ಪಳಗಿಸಿ ನಿಲ್ಲಿಸಿದುದು. ಎಂದರೆ ಕಾರ್ಖಾನೆಯೇ ಶಾಲೆಯಾಯಿತು. ಪ್ರೌಢಶಾಲೆಯಲ್ಲಿ ಅಡಿಪಾಯ ಬಿದ್ದಿದ್ದರೆ ಆ ಕೆಲಸ ಎಷ್ಟು ಹಗುರವಾಗುತ್ತಿತ್ತೆಂಬುದನ್ನು ಊಹಿಸಬಹುದು.

ಆ ಅಡಿಪಾಯವೆಂದರೇನು? ಎರಕದ ಮನೆಯ ಒಂದು ಸಣ್ಣ ಉದಾಹರಣೆ ಸಾಕು. ಒಂದು ಕಬ್ಬಿಣದ ಗಾಲಿಯನ್ನು ಎರೆಯಬೇಕಾದರೆ ಮೊದಲು ಅದರ ನಕ್ಷೆ ಬೇಕು, ನಕ್ಷೆಯನ್ನು ನೋಡಿ ಮರದ ಮಾದರಿ, ಮಾದರಿಯನ್ನು ಮರಳಿನಲ್ಲಿ ಒತ್ತಿ ಅಚ್ಚು, ಅಚ್ಚಿನಲ್ಲಿ ಲೋಹ. ಕಾದ ಕಬ್ಬಿಣವು ಆರಿದಾಗ ಕುಗ್ಗುವುದರಿಂದ ಮಾದರಿಯನ್ನು ಬೇಕಾದ ಅಳತೆಗಿಂತ ಕೊಂಚ ದೊಡ್ಡದಾಗಿ ಮಾಡಬೇಕು. ಈ ಕೊಂಚವೆಂಬುದು ಎಷ್ಟು ಎಂದು ಲೆಕ್ಕಹಾಕುವುದಕ್ಕೆ ಬೇಕಾದುದು ಹೈಸ್ಕೂಲಿನ ಅನುಪಾತದ ಗಣಿತವೇ. ನಕ್ಷೆಯನ್ನು ಓದುವುದಕ್ಕೆ ಬೇಕಾದುದು ಅದೇ ಹೈಸ್ಕೂಲಿನ ರೇಖಾಗಣಿತ. ಕರಿಹಲಗೆಯ ಮೇಲೆ ತ್ರಿಕೋನವನ್ನು ಬರೆದು ಅಳಿಸಿದ ಹುಡುಗನಿಗೂ, ಅದೇ ತ್ರಿಕೋನವನ್ನು ಹಲಗೆಯಲ್ಲಿ ಕೊಯ್ದು ನೋಡಿದ ಹುಡುಗನಿಗೂ ಉಂಟಾಗುವ ತಿಳಿವಳಿಕೆ ಒಂದೇ ಅಲ್ಲ. ಪ್ರೌಢಶಾಲೆಯಲ್ಲಿ ಕೈಕೆಲಸವಿರಬೇಕೆಂದು ಹೇಳಿದ ವಿವೇಕಿಗಳು ಬಯಸಿದ್ದು ಬಡಗಿಗಳ ಉತ್ಪತ್ತಿಯನ್ನಲ್ಲ, ಈ ತಿಳಿವಳಿಕೆಯನ್ನು. ದುರದೃಷ್ಟವಶಾತ್ ಅವರ ಮಾತನ್ನು ಜಾರಿಗೆ ತಂದವರು ಅನೇಕ ವೇಳೆ ಅರ್ಥಮಾಡಿಕೊಂಡುದು ಮೊದಲನೆಯದನ್ನು.

ಬೇರೆ ದೇಶಗಳಲ್ಲಿಯೂ ಇದೇ ವಿವಾದ ನಡೆದಿತ್ತು. ಅಮೆರಿಕದ ಸೇಂಟ್ ಲೂಯಿಯಲ್ಲಿ ೧೮೭೯ರಲ್ಲಿ ಕ್ಯಾಲ್ವಿನ್ ವುಡ್‌ವರ್ಡ್ ಎಂಬ ಗಣಿತದ ಪ್ರಾಧ್ಯಾಪಕನು ಕೈಕೆಲಸವನ್ನೂ ಓದನ್ನೂ ಬೆರೆಸಿದ ಪ್ರೌಢಶಾಲೆಯನ್ನು ತೆರೆದನು. ೧೯೧೭ರ ಸ್ಮಿತ್-ಹ್ಯೂಸ್ ಶಾಸನವು ಅಲ್ಲಿನ ಸಾರ್ವಜನಿಕ ಪ್ರೌಢಶಾಲೆಗಳ ವೃತ್ತಿಶಿಕ್ಷಣಕ್ಕೆ ಕೇಂದ್ರ ಸರಕಾರದ ಹಣವನ್ನು ಒದಗಿಸಿತು. ಆದರೆ ಅದಕ್ಕೆ ಮೊದಲೇ ಜಾನ್ ಡ್ಯೂಯಿಯವರು ಎಚ್ಚರಿಕೆ ಕೊಟ್ಟಿದ್ದರು: ಓದುವವರಿಗೊಂದು, ದುಡಿಯುವವರಿಗೊಂದು ಎಂದು ಶಾಲೆಯನ್ನು ಒಡೆದರೆ ಸಮಾಜವೂ ಹಾಗೆಯೇ ಒಡೆದು ನಿಲ್ಲುವುದೆಂದು. ನಮ್ಮಲ್ಲಿ ಈ ಮಾತಿಗೆ ಇಮ್ಮಡಿ ತೂಕವಿದೆ. ೧೯೫೩ರಲ್ಲಿ ಮದರಾಸು ಸರಕಾರವು ಪ್ರಾಥಮಿಕ ಶಾಲೆಯ ಮಕ್ಕಳಿಗೆ ಅರ್ಧ ಹೊತ್ತು ಶಾಲೆ, ಉಳಿದ ಹೊತ್ತು ಮನೆಯ ಕಸುಬು ಎಂಬ ಯೋಜನೆಯನ್ನು ತಂದಾಗ, ಇದು ಕುಲಕಸುಬಿಗೆ ಕಟ್ಟಿಹಾಕುವ ಉಪಾಯವೆಂದು ಜನರು ಸಿಡಿದೆದ್ದರು. ಮರುವರ್ಷವೇ ಅದನ್ನು ಹಿಂದೆಗೆದುಕೊಳ್ಳಬೇಕಾಯಿತು. ಯೋಜನೆಯನ್ನು ತಂದ ರಾಜಾಜಿಯವರ ಸದುದ್ದೇಶವನ್ನು ಒಪ್ಪಿದರೂ, ಜನರ ಸಂಶಯವು ನಿರಾಧಾರವಾಗಿರಲಿಲ್ಲವೆಂದೇ ಹೇಳಬೇಕು. ಕುಂಬಾರನ ಮಗನಿಗೆ ಮಡಕೆಯನ್ನು ಕಲಿಸಲು ಸರಕಾರವೇನೂ ಬೇಕಾಗಿಲ್ಲ. ಅವನಿಗೆ ಬೀಜಗಣಿತವನ್ನು ಕಲಿಸಲು ಬೇಕು. ಹಾಗೆಯೇ ವಕೀಲನ ಮಗನಿಗೆ ಉಳಿ ಹಿಡಿಯಲು ಕಲಿಸುವುದಕ್ಕೂ ಬೇಕು. ೧೯೩೭ರ ವಾರ್ಧಾ ಯೋಜನೆಯಲ್ಲಿ ಗಾಂಧೀಜಿಯವರು ಎಲ್ಲ ಮಕ್ಕಳಿಗೂ ಕೈಕಸುಬೇ ಶಿಕ್ಷಣದ ಮಾಧ್ಯಮವಾಗಲೆಂದು ಹೇಳಿದುದರ ಒಳದನಿ ಇದೇ. ಅದನ್ನು ಹಳ್ಳಿಯ ಶಾಲೆಗಳಿಗೆ ಮಾತ್ರ ಸಾಕೆಂದು ತಳ್ಳಿ, ಪಟ್ಟಣದ ಹೈಸ್ಕೂಲನ್ನು ಎಂದಿನಂತೆ ಬಿಟ್ಟುದರಿಂದ ಆ ದನಿ ಅಡಗಿಹೋಯಿತು.

ಇತ್ತ ಭದ್ರಾವತಿಯು ಬೆಳೆಯುತ್ತಿದ್ದಿತು. ೧೯೩೬ರಲ್ಲಿ ಉಕ್ಕಿನ ಸ್ಥಾವರ, ಅದೇ ವರ್ಷದಲ್ಲಿ ಕಾಗದದ ಕಾರ್ಖಾನೆಯ ಸ್ಥಾಪನೆ, ಮುಂದೆ ಸಿಮೆಂಟು. ಕಾರ್ಖಾನೆಯ ರಜತೋತ್ಸವದ ಹೆಸರನ್ನು ಹೊತ್ತ ಪಾಲಿಟೆಕ್ನಿಕ್ ಊರಿಗೆ ಬಂದಿತು. ತಮ್ಮ ಸೇವೆಗಾಗಿ ಸಲ್ಲಬೇಕಾಗಿದ್ದ ಸಂಭಾವನೆಯನ್ನು ವಿಶ್ವೇಶ್ವರಯ್ಯನವರು ಔದ್ಯೋಗಿಕ ಶಿಕ್ಷಣಕ್ಕೇ ಬಿಟ್ಟುಕೊಟ್ಟು, ಅದರಿಂದ ಬೆಂಗಳೂರಿನಲ್ಲಿ ಎದ್ದ ಸಂಸ್ಥೆಗೆ ತಮ್ಮ ಹೆಸರು ಬೇಡವೆಂದುದರಿಂದ ಅದು ಶ್ರೀ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್ ಎನಿಸಿತು. ಇವೆಲ್ಲ ಶ್ಲಾಘ್ಯವಾದುವೇ. ಆದರೆ ಗಮನಿಸಬೇಕಾದ ಸಂಗತಿಯೊಂದುಂಟು. ಪಾಲಿಟೆಕ್ನಿಕ್ ಆಗಲಿ, ೧೯೫೦ರ ಬಳಿಕ ಬಂದ ಐ.ಟಿ.ಐ.ಗಳಾಗಲಿ ಹೈಸ್ಕೂಲಿನ ಆಚೆಗಿನವು. ಹೈಸ್ಕೂಲಿನ ಒಳಗೆ ಮಾತ್ರ ಬದಲಾವಣೆಯು ಆಗಾಗ ಬಂದು ಹೋಗುವ ಅತಿಥಿಯಂತಿದ್ದಿತು.

೧೯೫೨-೫೩ರ ಮೊದಲಿಯಾರ್ ಆಯೋಗವು ವಿವಿಧೋದ್ದೇಶ ಪ್ರೌಢಶಾಲೆಗಳನ್ನು ಶಿಫಾರಸು ಮಾಡಿತು. ಒಂದೇ ಶಾಲೆಯಲ್ಲಿ ಸಾಹಿತ್ಯ, ವಿಜ್ಞಾನ, ಯಂತ್ರವಿದ್ಯೆ, ವ್ಯವಸಾಯ, ವಾಣಿಜ್ಯ, ಗೃಹವಿಜ್ಞಾನ ಎಲ್ಲವೂ ಇದ್ದು, ಹುಡುಗನು ತನಗೊಪ್ಪಿದುದನ್ನು ಆರಿಸಿಕೊಳ್ಳಬೇಕೆಂಬುದು ಅದರ ಆಶಯ. ಹಂಟರ್ ಆಯೋಗದ ಎರಡು ಕವಲುಗಳಿಗಿಂತ ಇದು ಎಷ್ಟೋ ಉದಾರವಾದುದು. ಕಮ್ಮಟಗಳು ಕಟ್ಟಲ್ಪಟ್ಟುವು, ಲೇತುಗಳು ಬಂದುವು, ಕಲಿಸುವವರು ಬರಲಿಲ್ಲ. ಯಂತ್ರ ಬಲ್ಲವನು ಉಪಾಧ್ಯಾಯನ ಸಂಬಳಕ್ಕೆ ಏಕೆ ಬಂದಾನು? ಇಂಥ ಶಿಕ್ಷಕರನ್ನು ತಯಾರಿಸುವುದಕ್ಕಾಗಿಯೇ ೧೯೬೩ರಲ್ಲಿ ಮೈಸೂರೂ ಸೇರಿ ನಾಲ್ಕು ನಗರಗಳಲ್ಲಿ ಪ್ರಾದೇಶಿಕ ಶಿಕ್ಷಣ ಕಾಲೇಜುಗಳು ಸ್ಥಾಪಿತವಾದುವು. ಅಷ್ಟರಲ್ಲಿ ಮೂಲಯೋಜನೆಯ ಬಗೆಗಿನ ಉತ್ಸಾಹವೇ ತಗ್ಗಿದ್ದಿತು. ೧೯೬೪-೬೬ರ ಕೊಠಾರಿ ಆಯೋಗವು ಹತ್ತನೆಯ ತರಗತಿಯ ನಂತರದವರಲ್ಲಿ ಅರ್ಧದಷ್ಟು ಜನರು ವೃತ್ತಿಶಿಕ್ಷಣಕ್ಕೆ ಹೋಗಬೇಕೆಂದು ಬಯಸಿತು. ೧೯೮೬ರ ರಾಷ್ಟ್ರೀಯ ಶಿಕ್ಷಣ ನೀತಿಯು ಆ ಗುರಿಯನ್ನು ತಗ್ಗಿಸಿ, ೧೯೯೫ರೊಳಗೆ ನೂರಕ್ಕೆ ಇಪ್ಪತ್ತೈದು ಎಂದಿತು. ಅದೂ ಕೈಗೂಡಲಿಲ್ಲ.

ಕರ್ನಾಟಕವು ಈ ಕಾರ್ಯದಲ್ಲಿ ಹಿಂದೆ ಬಿದ್ದಿರಲಿಲ್ಲವೆಂಬುದನ್ನು ಹೇಳುವುದು ನ್ಯಾಯ. ೧೯೭೭-೭೮ರಲ್ಲಿಯೇ ಪಿ.ಯು. ಮಟ್ಟದಲ್ಲಿ ಜೆ.ಓ.ಸಿ. ಎಂದು ಮನೆಮಾತಾದ ಉದ್ಯೋಗಾಧಾರಿತ ಶಿಕ್ಷಣವನ್ನು ಆರಂಭಿಸಿ, ಅದಕ್ಕೊಂದು ನಿರ್ದೇಶನಾಲಯವನ್ನೂ ಏರ್ಪಡಿಸಲಾಯಿತು. ಸಾವಿರಾರು ಮಂದಿ ಅದರಿಂದ ಅನ್ನ ಕಂಡುಕೊಂಡರು. ಆದರೆ ಅಲ್ಲಿ ಪಾಠ ಹೇಳಿದವರಲ್ಲಿ ಬಹುಮಂದಿ ಅರೆಕಾಲಿಕರು. ವರ್ಷಗಟ್ಟಲೆ ದುಡಿದರೂ ಖಾಯಂ ಎನಿಸದವರು. ಕಲಿತವರಿಗೂ ಮುಂದಿನ ಓದಿನ ದಾರಿ ಇಕ್ಕಟ್ಟು. ಗುರುವಿಗೂ ಶಿಷ್ಯನಿಗೂ ಸಮಾನವಾಗಿ ಹಿಂದಿನ ಬೆಂಚನ್ನು ಕೊಟ್ಟ ಯೋಜನೆಯು ಎಷ್ಟು ದಿನ ಬಾಳೀತು? ೨೦೧೧ರ ಹೊತ್ತಿಗೆ ಅದು ಮುಚ್ಚಲ್ಪಟ್ಟಿತು.

ಇದೆಲ್ಲದರ ನಡುವೆ ಸದ್ದಿಲ್ಲದೆ ಉಳಿದುಬಂದ ಒಂದು ವ್ಯವಸ್ಥೆಯೆಂದರೆ ಜೂನಿಯರ್ ಟೆಕ್ನಿಕಲ್ ಸ್ಕೂಲು. ಇಲ್ಲಿನ ಮಕ್ಕಳು ಕನ್ನಡ, ಇಂಗ್ಲಿಷ್, ಗಣಿತಗಳೊಡನೆ ಯಂತ್ರಶಿಲ್ಪದ ಮೂಲಾಂಶಗಳು, ನಕ್ಷಾರಚನೆ ಮುಂತಾದುವನ್ನು ಓದಿ ಎಲ್ಲರಂತೆಯೇ ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಕೂಡುವರು. ಪರೀಕ್ಷೆಯೂ ಒಂದೇ, ಪ್ರಮಾಣಪತ್ರವೂ ಒಂದೇ. ಮುಂದಿನ ಬಾಗಿಲು ಯಾವುದೂ ಮುಚ್ಚದು. ಸಂಖ್ಯೆಯಲ್ಲಿ ಇವು ಅತ್ಯಲ್ಪ. ಆದರೆ ದೊಡ್ಡ ಆಯೋಗಗಳಿಗೆ ದೊರೆಯದ ಸೂತ್ರವು ಈ ಸಣ್ಣ ಶಾಲೆಗಳಲ್ಲಿ ದೊರೆತಿದೆಯೆಂದರೆ ಅತಿಶಯೋಕ್ತಿಯಲ್ಲ. ಇತ್ತೀಚಿನ ವರ್ಷಗಳಲ್ಲಿ ಆಯ್ದ ಸರಕಾರಿ ಪ್ರೌಢಶಾಲೆಗಳಲ್ಲಿ ಒಂಬತ್ತನೆಯ ತರಗತಿಯಿಂದ ಮೂರನೆಯ ಭಾಷೆಯ ಬದಲಿಗೆ ಮಾಹಿತಿ ತಂತ್ರಜ್ಞಾನ, ಆಟೋಮೊಬೈಲ್, ಚಿಲ್ಲರೆ ವ್ಯಾಪಾರ ಮೊದಲಾದ ವಿಷಯಗಳಲ್ಲೊಂದನ್ನು ಆರಿಸಿಕೊಳ್ಳುವ ಅವಕಾಶವೂ ಬಂದಿದೆ. ಇದೂ ಮುಖ್ಯ ಪರೀಕ್ಷೆಯ ಒಳಗೇ ಇರುವುದು ಶುಭಲಕ್ಷಣ. ಭಾಷೆಯನ್ನು ಬಿಟ್ಟು ಕಸುಬನ್ನು ಹಿಡಿಯಬೇಕಾದುದು ಮಾತ್ರ ಅಷ್ಟು ರುಚಿಸದು. ಮೆಕ್ಯಾನಿಕನಿಗೆ ಇನ್ನೊಂದು ಭಾಷೆ ಬೇಡವೆಂದು ನಿರ್ಧರಿಸಿದವರು ಯಾರೋ ತಿಳಿಯದು.

ಭದ್ರಾವತಿಯ ಇಂದಿನ ಸ್ಥಿತಿಯು ಈ ಪ್ರಶ್ನೆಗೆ ಇನ್ನೊಂದು ಮುಖವನ್ನು ಕೊಟ್ಟಿದೆ. ಕಾಗದದ ಕಾರ್ಖಾನೆಯು ೨೦೧೫ರ ಸುಮಾರಿಗೆ ಕೆಲಸ ನಿಲ್ಲಿಸಿತು. ವಿಶ್ವೇಶ್ವರಯ್ಯನವರ ಹೆಸರನ್ನು ಹೊತ್ತ ಉಕ್ಕಿನ ಕಾರ್ಖಾನೆಯನ್ನು ಮುಚ್ಚಲು ೨೦೨೩ರ ಆದಿಯಲ್ಲಿ ನಿರ್ಣಯವಾಯಿತು. ಕಾರ್ಮಿಕರ ಹೋರಾಟದ ತರುವಾಯ ಅದೇ ವರ್ಷ ಆಗಸ್ಟಿನಲ್ಲಿ ಬಾರ್ ಮಿಲ್ ಮತ್ತೆ ತಿರುಗಿತು. ತಂದೆಯು ಕೆಲಸ ಮಾಡಿದ ಗೇಟಿನೊಳಗೇ ಮಗನೂ ಹೋಗುವನೆಂದು ನಂಬಿದ್ದ ಊರಿನಲ್ಲಿ ಆ ನಂಬಿಕೆ ಈಗ ಉಳಿದಿಲ್ಲ. ಒಂದೇ ಕಾರ್ಖಾನೆಗೆ, ಒಂದೇ ಯಂತ್ರಕ್ಕೆ ಹೊಂದುವ ಕೈಚಳಕವನ್ನು ಮಾತ್ರ ಕಲಿತವನು ಇಂಥ ಸಮಯದಲ್ಲಿ ನಿಂತ ನೀರಾಗುವನು. ನಕ್ಷೆಯನ್ನು ಓದಬಲ್ಲವನು, ಲೋಹದ ಗುಣವನ್ನು ಬಲ್ಲವನು ಬೇರೆ ಬಾಗಿಲನ್ನು ತಟ್ಟಬಲ್ಲನು. ಅಂಥ ಬಾಗಿಲುಗಳು ದೂರವೂ ಇಲ್ಲ. ವಿದ್ಯಾನಗರಕ್ಕೂ ಭದ್ರಾವತಿಗೂ ನಡುವೆ, ಮಾಚೇನಹಳ್ಳಿಯ ಕೈಗಾರಿಕಾ ಪ್ರದೇಶದಲ್ಲಿ, ಎರಕದ ಕಾರ್ಖಾನೆಗಳು ಇಂದೂ ನಡೆಯುತ್ತಿವೆ. ಅಲ್ಲಿ ಮರಳಿನ ಅಚ್ಚೂ ಇದೆ, ಅದರ ಪಕ್ಕದಲ್ಲಿಯೇ ಗಣಕಯಂತ್ರದ ಪರದೆಯ ಮೇಲೆ ನಕ್ಷೆಯೂ ಇದೆ.