ಗೃಹ ಬಿಯರ್ ತಯಾರಿಕೆ

ಗೃಹ ಬಿಯರ್ ತಯಾರಿಕೆ ಎಂದರೆ ಮಾರಾಟದ ಉದ್ದೇಶವಿಲ್ಲದೆ, ಸ್ವಂತ ಬಳಕೆಗಾಗಿ ಮನೆಯಲ್ಲಿಯೇ ಸಣ್ಣ ಪ್ರಮಾಣದಲ್ಲಿ ಬಿಯರ್ ತಯಾರಿಸುವ ಹವ್ಯಾಸ. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಇದು 1978ರ ಕಾಯಿದೆಯ ಅನಂತರ ವ್ಯಾಪಕವಾಗಿ ಬೆಳೆಯಿತು. ಸಣ್ಣ, ಸ್ವತಂತ್ರ ತಯಾರಕರು ಸಿದ್ಧಪಡಿಸುವ 'ಕ್ರಾಫ್ಟ್ ಬಿಯರ್' ಅಲ್ಲಿ ನೆಲೆಯೂರಲು ಈ ಹವ್ಯಾಸವೂ ಒಂದು ಮುಖ್ಯ ಕಾರಣ.

ಇತಿಹಾಸ

ಅಮೆರಿಕದ ಸಂವಿಧಾನದ 18ನೆಯ ತಿದ್ದುಪಡಿಯಿಂದಾಗಿ 1920ರ ಜನವರಿಯಲ್ಲಿ ರಾಷ್ಟ್ರವ್ಯಾಪಿ ಪಾನನಿಷೇಧ ಜಾರಿಗೆ ಬಂದಿತು. ಆ ಕಾಲದಲ್ಲಿ ಅಂಗಡಿಗಳಲ್ಲಿ ದೊರೆಯುತ್ತಿದ್ದ ಮಾಲ್ಟ್ ಪಾಕವನ್ನು ಬಳಸಿ ಅನೇಕರು ಮನೆಯಲ್ಲಿ ಗುಟ್ಟಾಗಿ ಬಿಯರ್ ತಯಾರಿಸುತ್ತಿದ್ದರು. 1933ರ ಡಿಸೆಂಬರಿನಲ್ಲಿ 21ನೆಯ ತಿದ್ದುಪಡಿಯ ಮೂಲಕ ನಿಷೇಧ ರದ್ದಾಯಿತು. ಆಮೇಲೆ ಮನೆಯಲ್ಲಿ ದ್ರಾಕ್ಷಾರಸ ತಯಾರಿಸಲು ಅವಕಾಶ ದೊರೆತರೂ ಬಿಯರಿಗೆ ಆ ವಿನಾಯಿತಿ ಸಿಗಲಿಲ್ಲ.

ಈ ಕೊರತೆ ನೀಗಿದ್ದು 1978ರಲ್ಲಿ. ಆ ವರ್ಷದ ಅಕ್ಟೋಬರ್ 14ರಂದು ಅಧ್ಯಕ್ಷ ಜಿಮ್ಮಿ ಕಾರ್ಟರ್ ಅಂಕಿತ ಹಾಕಿದ ಕಾಯಿದೆಯು 1979ರ ಫೆಬ್ರವರಿ 1ರಿಂದ ಜಾರಿಗೆ ಬಂದಿತು. ಇದರನ್ವಯ ಒಬ್ಬರೇ ವಯಸ್ಕರಿರುವ ಮನೆಯಲ್ಲಿ ವರ್ಷಕ್ಕೆ 100 ಗ್ಯಾಲನ್ (ಸುಮಾರು 378 ಲೀಟರ್), ಇಬ್ಬರು ಅಥವಾ ಹೆಚ್ಚು ವಯಸ್ಕರಿರುವ ಮನೆಯಲ್ಲಿ 200 ಗ್ಯಾಲನ್ ಬಿಯರನ್ನು ತೆರಿಗೆಯಿಲ್ಲದೆ ತಯಾರಿಸಬಹುದು, ಮಾರುವಂತಿಲ್ಲ. ರಾಜ್ಯಗಳಿಗೆ ಪ್ರತ್ಯೇಕ ನಿಯಮ ರಚಿಸುವ ಅಧಿಕಾರ ಉಳಿದಿದ್ದುದರಿಂದ ಅಲಬಾಮ ಮತ್ತು ಮಿಸಿಸಿಪಿ ರಾಜ್ಯಗಳಲ್ಲಿ ಇದು ಕಾನೂನುಬದ್ಧವಾದದ್ದು 2013ರಲ್ಲಿ.

1978ರಲ್ಲಿಯೇ ಕೊಲರಾಡೊದ ಬೌಲ್ಡರ್ ನಗರದಲ್ಲಿ ಚಾರ್ಲಿ ಪಪೇಜಿಯನ್ ಮತ್ತು ಸಂಗಡಿಗರು ಅಮೆರಿಕನ್ ಹೋಮ್‌ಬ್ರೂವರ್ಸ್ ಅಸೋಸಿಯೇಷನ್ ಸ್ಥಾಪಿಸಿದರು. 1984ರಲ್ಲಿ ಪ್ರಕಟವಾದ ಪಪೇಜಿಯನ್ ಅವರ 'ದಿ ಕಂಪ್ಲೀಟ್ ಜಾಯ್ ಆಫ್ ಹೋಮ್ ಬ್ರೂಯಿಂಗ್' ಹವ್ಯಾಸಿಗಳ ಕೈಪಿಡಿಯಾಯಿತು.

ಹವ್ಯಾಸದಿಂದ ಉದ್ಯಮಕ್ಕೆ

ಸ್ಕಾಟ್ಲೆಂಡಿನಲ್ಲಿ ನೌಕಾಪಡೆಯ ಸೇವೆಯಲ್ಲಿದ್ದಾಗ ಬ್ರಿಟಿಷ್ ಬಿಯರಿನ ರುಚಿ ಕಂಡಿದ್ದ ಜ್ಯಾಕ್ ಮ್ಯಾಕಾಲಿಫ್ 1976ರಲ್ಲಿ ಕ್ಯಾಲಿಫೋರ್ನಿಯದ ಸೊನೋಮದಲ್ಲಿ ನ್ಯೂ ಆಲ್ಬಿಯನ್ ಎಂಬ ಸಣ್ಣ ಬಿಯರ್ ಕಾರ್ಖಾನೆ ಆರಂಭಿಸಿದರು. ಅದು 1982ರಲ್ಲಿ ಮುಚ್ಚಿಹೋದರೂ ಇತರರಿಗೆ ಮಾದರಿಯಾಯಿತು. ಚಿಕೊ ಪಟ್ಟಣದಲ್ಲಿ ಗೃಹ ತಯಾರಿಕೆಯ ಸಾಮಗ್ರಿಗಳ ಅಂಗಡಿ ನಡೆಸುತ್ತಿದ್ದ ಕೆನ್ ಗ್ರಾಸ್‌ಮನ್ 1980ರಲ್ಲಿ ಸಿಯೆರಾ ನೆವಾಡ ಸಂಸ್ಥೆಯ ಮೊದಲ ಬಿಯರ್ ಹೊರತಂದರು. ದೊಡ್ಡ ಕಂಪನಿಗಳ ತೆಳುವಾದ ಬಿಯರಿಗೆ ಒಗ್ಗಿಹೋಗಿದ್ದ ನಾಲಿಗೆಗಳಿಗೆ ಇಂಥ ತಯಾರಕರು ಹಾಪ್ಸಿನ ಕಹಿ ಮತ್ತು ಪರಿಮಳವನ್ನು ಪರಿಚಯಿಸಿದರು.

ಪದಾರ್ಥಗಳು

ಬಿಯರಿನ ಮೂಲ ಪದಾರ್ಥಗಳು ನಾಲ್ಕು: ನೀರು, ಮಾಲ್ಟ್, ಹಾಪ್ಸ್ ಮತ್ತು ಯೀಸ್ಟ್. ಜವೆಗೋಧಿಯನ್ನು (ಬಾರ್ಲಿ) ಮೊಳಕೆ ಬರಿಸಿ ಒಣಗಿಸಿದರೆ ಮಾಲ್ಟ್ ಆಗುತ್ತದೆ. ನಮ್ಮ ಮನೆಗಳ ರಾಗಿ ಮಾಲ್ಟಿನ ಹಿಂದಿರುವುದೂ ಇದೇ ತತ್ತ್ವ. ಮೊಳಕೆಯೊಡೆಯುವಾಗ ಉಂಟಾಗುವ ಕಿಣ್ವಗಳು ಪಿಷ್ಟವನ್ನು ಸಕ್ಕರೆಯಾಗಿಸುತ್ತವೆ. ಹಾಪ್ಸ್ ಒಂದು ಬಳ್ಳಿಯ ಹೆಣ್ಣು ಹೂಗೊಂಚಲು. ಅದು ಕಹಿ ಮತ್ತು ಪರಿಮಳ ಕೊಡುವುದಲ್ಲದೆ ಬಿಯರ್ ಬೇಗ ಕೆಡದಂತೆಯೂ ಕಾಪಾಡುತ್ತದೆ. 1516ರ ಬವೇರಿಯದ ಬಿಯರ್ ಶುದ್ಧತಾ ನಿಯಮದಲ್ಲಿ ಯೀಸ್ಟಿನ ಉಲ್ಲೇಖವಿಲ್ಲ. ಹುದುಗಿಸುವ ಸೂಕ್ಷ್ಮಜೀವಿಯ ಸ್ವರೂಪ ಆಗ ತಿಳಿದಿರಲಿಲ್ಲ.

ತಯಾರಿಕೆಯ ಹಂತಗಳು

ಹವ್ಯಾಸಿಗಳು ಸಾಮಾನ್ಯವಾಗಿ ಒಮ್ಮೆಗೆ 5 ಗ್ಯಾಲನ್, ಅಂದರೆ ಸುಮಾರು 19 ಲೀಟರ್ ತಯಾರಿಸುತ್ತಾರೆ.

1. ನೆನೆಸುವಿಕೆ: ತರಿಯಾಗಿ ಒಡೆದ ಮಾಲ್ಟನ್ನು 65ರಿಂದ 68 ಡಿಗ್ರಿ ಸೆಲ್ಸಿಯಸ್ ಬಿಸಿಯಿರುವ ನೀರಿನಲ್ಲಿ ಸುಮಾರು ಒಂದು ಗಂಟೆ ಇರಿಸಿ, ಸಿಹಿಯಾದ ರಸವನ್ನು ಸೋಸಲಾಗುತ್ತದೆ. ಹೊಸಬರು ಸಿದ್ಧ ಮಾಲ್ಟ್ ಪಾಕವನ್ನು ಬಳಸಿ ಈ ಹಂತವನ್ನು ಬಿಡಬಹುದು.
2. ಕುದಿಸುವಿಕೆ: ರಸವನ್ನು ಸುಮಾರು ಒಂದು ಗಂಟೆ ಕುದಿಸಬೇಕು. ಮೊದಲು ಹಾಕಿದ ಹಾಪ್ಸ್ ಕಹಿಯನ್ನೂ ಕೊನೆಯಲ್ಲಿ ಹಾಕಿದ್ದು ಪರಿಮಳವನ್ನೂ ಕೊಡುತ್ತದೆ.
3. ಹುದುಗುವಿಕೆ: ರಸವನ್ನು ಬೇಗನೆ ತಣಿಸಿ ಯೀಸ್ಟ್ ಬೆರೆಸಲಾಗುತ್ತದೆ. ಏಲ್ ಬಗೆಗೆ ಸುಮಾರು 18ರಿಂದ 22 ಡಿಗ್ರಿ, ಲಾಗರ್ ಬಗೆಗೆ 8ರಿಂದ 13 ಡಿಗ್ರಿ ಉಷ್ಣತೆ ಬೇಕು. ಏಲ್ ಹುದುಗಲು ಒಂದೆರಡು ವಾರ ಸಾಕು.
4. ಬಾಟಲಿಗೆ ತುಂಬುವಿಕೆ: ಲೀಟರಿಗೆ ಸುಮಾರು 6 ಗ್ರಾಂ ಸಕ್ಕರೆ ಬೆರೆಸಿ ಬಾಟಲಿಗೆ ಮುಚ್ಚಳ ಬಿಗಿದರೆ, ಸುಮಾರು ಎರಡು ವಾರಗಳಲ್ಲಿ ಒಳಗೇ ಇಂಗಾಲದ ಡೈಆಕ್ಸೈಡ್ ಉಂಟಾಗಿ ನೊರೆ ಬರುತ್ತದೆ.

ಆರಂಭ ಮತ್ತು ಅಂತ್ಯದ ಸಾಪೇಕ್ಷ ಸಾಂದ್ರತೆಗಳ ವ್ಯತ್ಯಾಸವನ್ನು 131ರಿಂದ ಗುಣಿಸಿದರೆ ಆಲ್ಕೊಹಾಲಿನ ಶೇಕಡಾ ಪ್ರಮಾಣ ಸ್ಥೂಲವಾಗಿ ತಿಳಿಯುತ್ತದೆ. ಸಾಂದ್ರತೆಯು 1.050ರಿಂದ 1.010ಕ್ಕೆ ಇಳಿದಿದ್ದರೆ ಅದು ಸುಮಾರು ಶೇ. 5.2.

ಸುರಕ್ಷತೆ

ಕುದಿಸಿದ ಅನಂತರ ರಸವನ್ನು ಮುಟ್ಟುವ ಪ್ರತಿ ಪಾತ್ರೆ, ಕೊಳವೆಯನ್ನೂ ತೊಳೆದು ಸೋಂಕುರಹಿತಗೊಳಿಸಬೇಕು. ಇಲ್ಲದಿದ್ದರೆ ಬಿಯರ್ ಹುಳಿಯಾಗುತ್ತದೆ. ಹುದುಗುವಿಕೆ ಮುಗಿಯುವ ಮೊದಲೇ ತುಂಬಿದರೆ ಅಥವಾ ಸಕ್ಕರೆ ಹೆಚ್ಚಾದರೆ ಬಾಟಲಿ ಸಿಡಿದು ಗಾಜಿನ ಚೂರುಗಳಿಂದ ಗಾಯವಾಗಬಹುದು. ಎರಡು ಮೂರು ದಿನ ಸಾಂದ್ರತೆ ಬದಲಾಗದೆ ನಿಂತ ಮೇಲೆಯೇ ತುಂಬುವುದು ಕ್ರಮ.

ಬಿಯರ್ ತಯಾರಿಕೆಯಲ್ಲಿ ಭಟ್ಟಿ ಇಳಿಸುವ ಕ್ರಿಯೆ ಇಲ್ಲ. ಅಮೆರಿಕದಲ್ಲಿಯೂ ಮನೆಯಲ್ಲಿ ಭಟ್ಟಿ ಇಳಿಸಲು ಈ ಕಾಯಿದೆ ಅನುಮತಿ ನೀಡಿಲ್ಲ. 2008ರ ಮೇ ತಿಂಗಳಲ್ಲಿ ಕರ್ನಾಟಕ ಮತ್ತು ತಮಿಳುನಾಡುಗಳಲ್ಲಿ ಮೆಥನಾಲ್ ಬೆರೆತ ಕಳ್ಳಭಟ್ಟಿ ಕುಡಿದು ನೂರಕ್ಕೂ ಹೆಚ್ಚು ಜನರು ಸತ್ತರು. ಸರಿಯಾಗಿ ಹುದುಗಿಸಿದ ಬಿಯರಿನಲ್ಲಿ ಮೆಥನಾಲ್ ಇರುವುದು ಅತ್ಯಲ್ಪ.

ಆಸ್ವಾದನೆ

ಬಿಯರನ್ನು ಬಣ್ಣ, ನೊರೆ, ಪರಿಮಳ, ರುಚಿ ಮತ್ತು ಬಾಯಲ್ಲಿ ಉಳಿಯುವ ಸ್ವಾದಗಳಿಂದ ಪರೀಕ್ಷಿಸುತ್ತಾರೆ. ಅತಿಯಾಗಿ ತಣ್ಣಗಿದ್ದರೆ ಪರಿಮಳ ಅಡಗುತ್ತದೆ. ಕಡುಹುರಿದ ಧಾನ್ಯದ ಸ್ಟೌಟ್ ಬಗೆಯಲ್ಲಿ ಕಾಫಿಯನ್ನು ಹೋಲುವ ರುಚಿಯೂ ಜರ್ಮನಿಯ ಗೋಧಿ ಬಿಯರಿನಲ್ಲಿ ಬಾಳೆಹಣ್ಣು, ಲವಂಗಗಳ ಪರಿಮಳವೂ ಕಂಡುಬರುತ್ತವೆ. ಬಾಳೆಹಣ್ಣಿನ ಪರಿಮಳ ಹೊರಗಿನಿಂದ ಬೆರೆಸಿದ್ದಲ್ಲ, ಯೀಸ್ಟಿನಿಂದಲೇ ಬಂದದ್ದು. ಬಿಸಿಲು ತಗುಲಿದರೆ ಹಾಪ್ಸಿನ ಅಂಶಗಳು ಒಡೆದು ದುರ್ವಾಸನೆ ಹುಟ್ಟುವುದರಿಂದ ಕಂದು ಬಾಟಲಿಗಳನ್ನು ಬಳಸಲಾಗುತ್ತದೆ.

ಕರ್ನಾಟಕದಲ್ಲಿ

ಬೆಂಗಳೂರಿನಲ್ಲಿ ಪರವಾನಗಿ ಪಡೆದ ಅನೇಕ ಮೈಕ್ರೋಬ್ರೂವರಿಗಳು ಕ್ರಾಫ್ಟ್ ಬಿಯರ್ ತಯಾರಿಸಿ ತಮ್ಮ ಸ್ಥಳದಲ್ಲಿಯೇ ನೀಡುತ್ತವೆ. ಆದರೆ ಅಮೆರಿಕದಲ್ಲಿರುವ ವಿನಾಯಿತಿ ಇಲ್ಲಿಗೆ ಅನ್ವಯಿಸುವುದಿಲ್ಲ. ಕರ್ನಾಟಕ ಅಬಕಾರಿ ಕಾಯಿದೆ, 1965ರ ಪ್ರಕಾರ ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು ಅಪರಾಧ. ಬಿಯರ್ ಕೂಡ ಈ ಕಾಯಿದೆಯ ವ್ಯಾಪ್ತಿಗೆ ಸೇರುತ್ತದೆ.