2147483647: ಎಲ್ಲರ ಮೊಬೈಲ್ ನಂಬರೂ ಒಂದೇ ಆಗಿಬಿಟ್ಟರೆ?

ಸಂಘದ ಸದಸ್ಯರ ಪಟ್ಟಿಯನ್ನು ಡೇಟಾಬೇಸ್‌ಗೆ ಸೇರಿಸಿದ್ದೀರಿ. ಮತ್ತೆ ತೆರೆದು ನೋಡಿದರೆ ಎಲ್ಲರ ಹೆಸರಿನ ಮುಂದೆಯೂ ಒಂದೇ ಮೊಬೈಲ್ ನಂಬರ್: 2147483647. ಇದು ವೈರಸ್ ಕಾಟವೇ? ಯಾರಾದರೂ ಹ್ಯಾಕ್ ಮಾಡಿದರೇ? ಎರಡೂ ಅಲ್ಲ. ತನ್ನ ಅಳತೆಗೆ ಮೀರಿದ ಸಂಖ್ಯೆ ಬಂದಾಗ ಡೇಟಾಬೇಸ್ ತನಗೆ ಗೊತ್ತಿರುವ ಅತಿ ದೊಡ್ಡ ಸಂಖ್ಯೆಯನ್ನು ಬರೆದುಕೊಂಡಿದೆ, ಅಷ್ಟೆ.

ಆ ಅಳತೆ ಇನ್ನೂರ ಹದಿನಾಲ್ಕು ಕೋಟಿ ಎಪ್ಪತ್ತನಾಲ್ಕು ಲಕ್ಷ ಎಂಬತ್ತಮೂರು ಸಾವಿರದ ಆರುನೂರ ನಲವತ್ತೇಳು. ಅನೇಕ ಪ್ರೋಗ್ರಾಂಗಳು ಪೂರ್ಣಾಂಕವನ್ನು 32 ಬಿಟ್‌ಗಳಲ್ಲಿ, ಅಂದರೆ 0 ಅಥವಾ 1 ಮಾತ್ರ ಹಿಡಿಸುವ 32 ಮನೆಗಳಲ್ಲಿ ಇಡುತ್ತವೆ. ಧನವೋ ಋಣವೋ ಎಂದು ಗುರುತಿಸಲು ಒಂದು ಮನೆ ಹೋಗುತ್ತದೆ. ಉಳಿದ 31 ಮನೆಗಳಲ್ಲೂ 1 ತುಂಬಿದರೆ ಬರುವುದೇ ಈ ಸಂಖ್ಯೆ. ಮೂವತ್ತೊಂದು 2ಗಳನ್ನು ಗುಣಿಸಿ, ಬಂದದ್ದರಲ್ಲಿ 1 ಕಳೆದರೂ ಇದೇ ಸಿಗುತ್ತದೆ. ಭಾರತದ ಮೊಬೈಲ್ ನಂಬರುಗಳೋ 6, 7, 8 ಅಥವಾ 9ರಿಂದ ಶುರುವಾಗುವ ಹತ್ತು ಅಂಕಿಗಳವು. ಒಂದೂ ಈ ಮಿತಿಯೊಳಗೆ ಬರುವುದಿಲ್ಲ. ಮೈಎಸ್‌ಕ್ಯೂಎಲ್ ಕಟ್ಟುನಿಟ್ಟಿನ ಮೋಡ್‌ನಲ್ಲಿ ಇಲ್ಲದಿದ್ದರೆ ಒಂದು ಎಚ್ಚರಿಕೆ ಕೊಟ್ಟು ಸುಮ್ಮನಾಗುತ್ತದೆ. ಹಾಗೆ ಹೋದ ನಂಬರನ್ನು ಡೇಟಾಬೇಸ್‌ನಿಂದ ವಾಪಸು ಪಡೆಯಲಾಗದು, ಮೂಲ ಪಟ್ಟಿಯೇ ಬೇಕು. ಫೋನ್ ನಂಬರನ್ನು ನಾವು ಕೂಡುವುದೂ ಇಲ್ಲ, ಕಳೆಯುವುದೂ ಇಲ್ಲ. ಅದನ್ನು ಸಂಖ್ಯೆಯಾಗಿ ಇಡದೆ ಪಠ್ಯವಾಗಿ ಇಡುವುದೇ ಸರಿ.

ಗಣಿತದವರಿಗೆ ಈ ಸಂಖ್ಯೆ ಕಂಪ್ಯೂಟರ್ ಹುಟ್ಟುವ ಮೊದಲೇ ಪರಿಚಿತ. ಇದು ಅವಿಭಾಜ್ಯ ಸಂಖ್ಯೆ: 1 ಮತ್ತು ತನ್ನನ್ನು ಬಿಟ್ಟು ಬೇರೆ ಯಾವುದರಿಂದಲೂ ನಿಶ್ಶೇಷವಾಗಿ ಭಾಗವಾಗದು. 1772ರ ಪತ್ರವೊಂದರಲ್ಲಿ ಲಿಯೊನಾರ್ಡ್ ಆಯ್ಲರ್ ಇದನ್ನು ತಿಳಿಸಿದ. ಆಗ ಅವನಿಗೆ ಕಣ್ಣು ಹೆಚ್ಚುಕಡಿಮೆ ಪೂರ್ತಿ ಹೋಗಿತ್ತು. ನೇರ ದಾರಿಯಲ್ಲಿ ಹೋದರೆ 46,340ರವರೆಗಿನ ಎಲ್ಲ ಅವಿಭಾಜ್ಯಗಳಿಂದಲೂ, ಅಂದರೆ ನಾಲ್ಕು ಸಾವಿರದ ಏಳುನೂರಕ್ಕೂ ಹೆಚ್ಚು ಸಲ, ಭಾಗಿಸಿ ನೋಡಬೇಕು. ಆದರೆ ಇದಕ್ಕೆ ಅವಿಭಾಜ್ಯ ಅಪವರ್ತನವೊಂದು ಇದ್ದರೆ, ಅದನ್ನು 248ರಿಂದ ಭಾಗಿಸಿದಾಗ ಶೇಷ 1 ಅಥವಾ 63 ಮಾತ್ರ ಬರಬೇಕೆಂದು ಸಾಧಿಸಬಹುದು. ಹಾಗಾಗಿ ಪರೀಕ್ಷಿಸಬೇಕಾದವು ನಾನೂರಕ್ಕಿಂತ ಕಡಿಮೆ.

ಈ ಅವಿಭಾಜ್ಯದಿಂದ 2305843008139952128 ಎಂಬ ಪರಿಪೂರ್ಣ ಸಂಖ್ಯೆಯೂ ಸಿಗುತ್ತದೆ. 6ಕ್ಕೆ 1+2+3 ಹೇಗೋ ಹಾಗೆ, ತನಗಿಂತ ಚಿಕ್ಕದಾದ ತನ್ನೆಲ್ಲ ಭಾಜಕಗಳ ಮೊತ್ತಕ್ಕೆ ಇದು ಸಮ. ಇಂಥವು ಬರೀ ಕುತೂಹಲದ ವಸ್ತು, ಉಪಯೋಗವಿಲ್ಲ, ಇದಕ್ಕಿಂತ ದೊಡ್ಡದನ್ನು ಯಾರೂ ಹುಡುಕಲಾರರು ಎಂದು 1811ರಲ್ಲಿ ಪೀಟರ್ ಬಾರ್ಲೋ ಬರೆದ. 1876ರಲ್ಲಿ ಎಡ್ವರ್ಡ್ ಲೂಕಾಸ್ ಇನ್ನೂ ಎಷ್ಟೋ ದೊಡ್ಡದಕ್ಕೆ ದಾರಿ ಮಾಡಿಕೊಟ್ಟ. ಪಾಪ, ಬಾರ್ಲೋ!

ಇನ್ನು '2038ರಲ್ಲಿ ಜಗತ್ತಿನ ಕಂಪ್ಯೂಟರ್‌ಗಳೆಲ್ಲ ನಿಂತುಹೋಗುತ್ತವೆ' ಎಂಬ ಮಾತು. ಅದರಲ್ಲಿ ಅರ್ಧ ನಿಜವಿದೆ. ಯುನಿಕ್ಸ್ ಮಾದರಿಯ ವ್ಯವಸ್ಥೆಗಳು 1970ರ ಜನವರಿ 1ರಿಂದ ಸೆಕೆಂಡುಗಳನ್ನು ಎಣಿಸುತ್ತಾ ಬಂದಿವೆ. ಆ ಎಣಿಕೆ 2147483647 ಮುಟ್ಟುವುದು 2038ರ ಜನವರಿ 19ರಂದು, ನಮ್ಮ ಗಡಿಯಾರದಲ್ಲಿ ಬೆಳಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ. ಸಮಯವನ್ನು 32 ಬಿಟ್‌ನಲ್ಲೇ ಇಟ್ಟಿರುವ ಯಂತ್ರದಲ್ಲಿ ಮರುಕ್ಷಣ ಎಣಿಕೆ ಋಣಕ್ಕೆ ತಿರುಗಿ, ದಿನಾಂಕ 1901ರ ಡಿಸೆಂಬರ್‌ಗೆ ಜಾರಬಹುದು. 64 ಬಿಟ್‌ನಲ್ಲಿ ಎಣಿಸುವ ವ್ಯವಸ್ಥೆಗಳಿಗೆ 29 ಸಾವಿರ ಕೋಟಿ ವರ್ಷಗಳಷ್ಟು ಜಾಗವಿದೆ. ಅವುಗಳ ಚಿಂತೆ ಬೇಡ. ತೊಂದರೆ ಇರುವುದು ಯಾರೂ ಅಪ್‌ಡೇಟ್ ಮಾಡದ ಹಳೆಯ ಸಾಧನಗಳಲ್ಲಿ ಮತ್ತು ಹಳೆಯ ತಂತ್ರಾಂಶಗಳಲ್ಲಿ. ಅದಕ್ಕೆ 2038ರವರೆಗೆ ಕಾಯಬೇಕಾಗಿಯೂ ಇಲ್ಲ: ಇಂದು ಪಡೆದ 20 ವರ್ಷದ ಗೃಹಸಾಲದ ಕೊನೆಯ ಕಂತಿನ ದಿನಾಂಕವನ್ನು ಲೆಕ್ಕ ಹಾಕುವಾಗಲೇ ಅಂಥ ತಂತ್ರಾಂಶ ಈ ಗಡಿಗೆ ಬಂದು ಎಡವುತ್ತದೆ.